ಹಿಮ ಬೀಳುವ ಊರಿಗೆ ದುಡಿಯಲು ಹೊರಟವರಿಗೆ: ಶಿಮ್ಲಾ, ಮನಾಲಿ, ಗುಲ್ಮಾರ್ಗ್, ಲೇಹ್ – ಯಾವುದು ಯಾರಿಗೆ ಸರಿ?

ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲು 42–43 ಡಿಗ್ರಿ ಮುಟ್ಟಿತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು, ಐಟಿಐ ಮುಗಿಸಿದವರು, ನರ್ಸಿಂಗ್ ಪಾಸಾದವರು, ಗಾಡಿ ಓಡಿಸುವವರು ಎಲ್ಲರೂ ಕೇಳುವುದು ಒಂದೇ: ದುಡಿಯಲು ಹೇಗೂ ಊರು ಬಿಡಬೇಕು. ಪುಣೆ, ಮುಂಬೈ, ಹೈದರಾಬಾದ್ ಬದಲು ಹಿಮ ಬೀಳುವ ಊರಿಗೇ ಹೋದರೆ ಆಗುವುದಿಲ್ಲವೇ?

ಆಗುತ್ತದೆ. ನಮ್ಮ ಭಾಗದವರಿಗೆ ಒಂದು ಅನುಕೂಲವೂ ಇದೆ. ಬೀದರ್, ಕಲಬುರಗಿಯ ಸಂತೆ-ಬಜಾರಿನಲ್ಲಿ ದಖ್ಖನಿ ಉರ್ದು ಕೇಳುತ್ತಲೇ ಬೆಳೆದವರಿಗೆ ಹಿಂದಿ ಹೊಸದಲ್ಲ. ಶಿಮ್ಲಾದಲ್ಲಾಗಲಿ ಶ್ರೀನಗರದಲ್ಲಾಗಲಿ ಇಳಿದ ದಿನದಿಂದಲೇ ಮಾತಾಡಿ ಕೆಲಸ ಕೇಳಬಹುದು. ತೊಡಕಿರುವುದು ಬೇರೆ ಕಡೆ. ಹಿಮ ಎಷ್ಟು ಚೆನ್ನಾಗಿ ಬೀಳುತ್ತದೆ ಎಂದು ಊರು ಆರಿಸುತ್ತಾರೆ. ಅಲ್ಲಿ ವರ್ಷಕ್ಕೆ ಎಷ್ಟು ತಿಂಗಳು ಸಂಬಳ ಕೈಗೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಹೆಚ್ಚಿನ ಕಡೆ ಹಿಮ ಜಾಸ್ತಿಯಾದಷ್ಟೂ ದುಡಿಮೆಯ ತಿಂಗಳು ಕಡಿಮೆಯಾಗುತ್ತವೆ.

ಊರು ತೂಗುವ ಮುಂಚೆ ಅಳತೆ

ಮೊದಲನೆಯದು ವರ್ಷದ ಲೆಕ್ಕ. ಲೇಹ್‌ನ ಹೋಟೆಲಿನವರು ತಿಂಗಳಿಗೆ 22,000 ಕೊಡುತ್ತೇವೆ ಎನ್ನುತ್ತಾರೆ, ಶಿಮ್ಲಾದವರು 15,000 ಎನ್ನುತ್ತಾರೆ ಎಂದು ಇಟ್ಟುಕೊಳ್ಳಿ. ಲೇಹ್‌ನಲ್ಲಿ ಮೇದಿಂದ ಸೆಪ್ಟೆಂಬರ್‌ವರೆಗೆ ಐದು ತಿಂಗಳಿಗೆ 1,10,000 ಆಯಿತು. ಶಿಮ್ಲಾದಲ್ಲಿ ಹನ್ನೆರಡು ತಿಂಗಳಿಗೆ 1,80,000. ತಿಂಗಳ ಸಂಬಳ ನೋಡಿದರೆ ಲೇಹ್ ದೊಡ್ಡದು, ವರ್ಷದ ಗಂಟು ನೋಡಿದರೆ ಶಿಮ್ಲಾ ದೊಡ್ಡದು. ಉಳಿದ ಏಳು ತಿಂಗಳಿಗೆ ಊರಲ್ಲಿ ಕೆಲಸ ಇರುವವನಿಗೆ ಮಾತ್ರ ಈ ಲೆಕ್ಕ ತಿರುಗುತ್ತದೆ. ಮನೆಯಲ್ಲಿ ಹೊಲ ಇದ್ದು ಬಿತ್ತನೆಯನ್ನು ಅಣ್ಣನೋ ಅಪ್ಪನೋ ನೋಡಿಕೊಳ್ಳುವುದಾದರೆ, ಸೆಪ್ಟೆಂಬರ್ ಕೊನೆಗೆ ಲೇಹ್ ಬಿಟ್ಟು ಬಂದು ಡಿಸೆಂಬರ್–ಜನವರಿಯ ತೊಗರಿ ರಾಶಿಗೆ ನಿಲ್ಲಬಹುದು. ಹೊಲ ಇಲ್ಲದವರಿಗೆ ಆ ಏಳು ತಿಂಗಳು ಕೈಯಿಂದ ಖರ್ಚು.

ಎರಡನೆಯದು ಕೋಣೆ. ಊಟ-ವಸತಿ ಉಚಿತ ಎನ್ನುವುದನ್ನು ಅಷ್ಟಕ್ಕೇ ನಂಬಬೇಡಿ. ಸಿಬ್ಬಂದಿ ಕೋಣೆಗೆ ಬಿಸಿಲು ಬೀಳುತ್ತದೆಯೇ, ಜನವರಿಯಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆಯೇ, ಹೀಟರ್ ಹಚ್ಚಲು ಬಿಡುತ್ತಾರೆಯೇ, ಒಂದು ಕೋಣೆಗೆ ಎಷ್ಟು ಜನ – ಈ ನಾಲ್ಕನ್ನು ಫೋನಿನಲ್ಲೇ ಕೇಳಿ. ಹೊಸಬರು ಮೊದಲ ಚಳಿಗಾಲದಲ್ಲೇ ಬಿಟ್ಟು ಬರುವುದಕ್ಕೆ ಕೆಲಸಕ್ಕಿಂತ ಕೋಣೆಯೇ ಹೆಚ್ಚು ಕಾರಣ.

ಮೂರನೆಯದು, ನಿಮ್ಮ ಕಸುಬಿಗೆ ಅಲ್ಲಿ ಬಾಗಿಲು ತೆರೆದಿದೆಯೇ ಎಂಬುದು. ರಾಜ್ಯ ಸರ್ಕಾರಿ ನೌಕರಿಯ ಆಸೆ ಎಲ್ಲಿಯೂ ಇಟ್ಟುಕೊಳ್ಳಬೇಡಿ. ಹಿಮಾಚಲದಲ್ಲಿ ಕೆಳಹಂತದ ಹುದ್ದೆಗಳಿಗೆ ಅಲ್ಲೇ ಓದಿದವರು ಇಲ್ಲವೇ ಅಲ್ಲಿನ ಕಾಯಂ ನಿವಾಸಿಗಳು ಬೇಕು. ಜಮ್ಮು-ಕಾಶ್ಮೀರ, ಲಡಾಖ್‌ನಲ್ಲಿ ನಿವಾಸಿ ಪ್ರಮಾಣಪತ್ರ ಬೇಕು. ನಮಗೆ ಉಳಿಯುವುದು ಖಾಸಗಿ ಕೆಲಸ ಮತ್ತು ಬ್ಯಾಂಕು, ಅಂಚೆ, ಕೇಂದ್ರೀಯ ವಿದ್ಯಾಲಯದಂಥ ಕಡೆಯ ವರ್ಗಾವಣೆ.

ನಾಲ್ಕನೆಯದು ಊರಿಗೆ ಮರಳುವ ದಾರಿ. ಮನೆಯಲ್ಲಿ ಏನಾದರೂ ಆದರೆ ಎಷ್ಟು ಹೊತ್ತಿಗೆ ಕಲಬುರಗಿ ಸ್ಟೇಷನ್ನಿನಲ್ಲಿ ಇಳಿಯಬಹುದು? ಕರ್ನಾಟಕ ಎಕ್ಸ್‌ಪ್ರೆಸ್ ಯಾದಗಿರಿ, ವಾಡಿ, ಕಲಬುರಗಿ ಮೇಲೆಯೇ ದೆಹಲಿಗೆ ಹೋಗುವುದರಿಂದ ದೆಹಲಿಯವರೆಗಿನದು ಒಂದು ಹಗಲು, ಒಂದು ರಾತ್ರಿಯ ದಾರಿ. ದೆಹಲಿಯಿಂದ ಮುಂದಿನದನ್ನು ಊರೂರಿಗೆ ಬೇರೆ ಬೇರೆ ನೋಡಬೇಕು.

ಕೊನೆಯದು ದೇಹ. 2,000–2,500 ಮೀಟರ್ ಎತ್ತರವನ್ನು ಆರೋಗ್ಯವಂತರು ಸುಮ್ಮನೆ ತಡೆದುಕೊಳ್ಳುತ್ತಾರೆ. 3,500 ಮೀಟರ್ ಬೇರೆಯದೇ ಮಾತು.

ಶಿಮ್ಲಾ: ಹಿಮ ಕಡಿಮೆ, ಸಂಬಳ ಖಾತ್ರಿ

ಎತ್ತರ ಸುಮಾರು 2,200 ಮೀಟರ್. ರಾಜಧಾನಿಯಾದ್ದರಿಂದ ಕಚೇರಿ, ಆಸ್ಪತ್ರೆ, ವಸತಿ ಶಾಲೆ, ಅಂಗಡಿ ಎಲ್ಲವೂ ಹನ್ನೆರಡು ತಿಂಗಳೂ ನಡೆಯುತ್ತವೆ. ಪ್ರವಾಸಿಗರು ಬರದ ತಿಂಗಳಲ್ಲೂ ಊರು ಉಣ್ಣುತ್ತದೆ, ಬಟ್ಟೆ ಒಗೆಸುತ್ತದೆ, ಫ್ರಿಜ್ ರಿಪೇರಿ ಮಾಡಿಸುತ್ತದೆ. ಹಾಗಾಗಿ ಎಲೆಕ್ಟ್ರಿಷಿಯನ್, ಪ್ಲಂಬರ್, ಲ್ಯಾಬ್ ಟೆಕ್ನಿಷಿಯನ್, ನರ್ಸ್, ಶಿಕ್ಷಕರು ಇವರಿಗೆಲ್ಲ ಈ ನಾಲ್ಕೂರಲ್ಲಿ ಇದೇ ಗಟ್ಟಿ ನೆಲ.

ಹಿಮದ ಆಸೆಯಿಂದಲೇ ಹೋಗುವವರಿಗೆ ಮಾತ್ರ ನಿರಾಸೆಯಾದೀತು. ಕೆಲವು ಚಳಿಗಾಲದಲ್ಲಿ ಊರೊಳಗೆ ಒಂದೆರಡು ಸಲ ಬಿದ್ದು ಕರಗಿ ಹೋಗುತ್ತದೆ. ಕುಫ್ರಿ, ನಾರಕಂಡಾ ಮೇಲಿರುವುದರಿಂದ ಅಲ್ಲಿ ಹೆಚ್ಚು. ವಾರದ ರಜೆಗೆ ಹಿಮ ನೋಡಿ ಬಂದು ಉಳಿದ ದಿನ ಒಣ ರಸ್ತೆಯಲ್ಲಿ ಕೆಲಸಕ್ಕೆ ಹೋಗುವುದು ಸಂಸಾರಸ್ಥರಿಗೆ ಒಳ್ಳೆಯ ಹೊಂದಾಣಿಕೆ.

ಮನೆ ಹುಡುಕುವಾಗ ಬಾಡಿಗೆಗಿಂತ ಮೊದಲು ಮಗ್ಗುಲು ನೋಡಿ. ಬೆಟ್ಟದ ದಕ್ಷಿಣ ಮಗ್ಗುಲಿನ ಮನೆಗೆ ಜನವರಿಯಲ್ಲೂ ಬಿಸಿಲು ಬೀಳುತ್ತದೆ. ಉತ್ತರ ಮಗ್ಗುಲಿನ ಎಷ್ಟೋ ಮನೆಗಳು ಚಳಿಗಾಲ ಪೂರ್ತಿ ನೆರಳಲ್ಲೇ ಇರುತ್ತವೆ. ಗೋಡೆ ತೇವ ಹಿಡಿದು ಬೂಸ್ಟು ಬರುತ್ತದೆ, ಬಟ್ಟೆ ಒಣಗುವುದಿಲ್ಲ. ಬಾಡಿಗೆಯಲ್ಲಿ ಉಳಿಸಿದ್ದು ಕರೆಂಟ್ ಬಿಲ್ಲಿಗೆ ಹೋಗುತ್ತದೆ: 2,000 ವಾಟಿನ ಹೀಟರನ್ನು ದಿನಕ್ಕೆ ಐದು ಗಂಟೆ ಹಚ್ಚಿದರೆ 10 ಯೂನಿಟ್, ತಿಂಗಳಿಗೆ 300 ಯೂನಿಟ್. ಮನೆಯಿಂದ ಗಾಡಿ ರಸ್ತೆಗೆ ಎಷ್ಟು ಮೆಟ್ಟಿಲು ಎಂದು ಎಣಿಸಿ, ಸಿಲಿಂಡರ್ ಹೊತ್ತು ಹತ್ತಬೇಕಾದವರು ನೀವೇ. ನೀರಿನ ಟ್ಯಾಂಕ್ ದೊಡ್ಡದಿರಲಿ; 2018ರ ಬೇಸಿಗೆಯಲ್ಲಿ ಈ ಊರಿಗೆ ನೀರಿನ ಬರ ಬಂದು ದೇಶವೆಲ್ಲ ಸುದ್ದಿಯಾಗಿತ್ತು.

ದಾರಿ ಸುಲಭ. ದೆಹಲಿಯಿಂದ ಕಾಲ್ಕಾ, ಅಲ್ಲಿಂದ 1903ರಿಂದ ಓಡುತ್ತಿರುವ 96 ಕಿಲೋಮೀಟರಿನ ಪುಟ್ಟ ರೈಲು, ಇಲ್ಲವೇ ದೆಹಲಿಯ ಕಾಶ್ಮೀರಿ ಗೇಟ್ ಬಸ್ ನಿಲ್ದಾಣದಿಂದ ನೇರ ಬಸ್. ಕಲಬುರಗಿಯಿಂದ ಹೊರಟ ಮೂರನೇ ದಿನ ಅಲ್ಲಿರುತ್ತೀರಿ, ಚಳಿಗಾಲದಲ್ಲೂ ಬಹುಮಟ್ಟಿಗೆ ಹಾಗೆಯೇ.

ಮನಾಲಿ: ಹುಡುಗರ ಊರು, ಆದರೆ ಕರಾರು ಓದಿ

ಒಂಟಿಯಾಗಿರುವ, ಹೋಟೆಲ್ ಕಸುಬು ಬಲ್ಲ, ಇಪ್ಪತ್ತರ ಹರೆಯದವರಿಗೆ ನಮ್ಮ ಮೊದಲ ಸಲಹೆ ಇದೇ ಊರು. ಎತ್ತರ ಸುಮಾರು 2,050 ಮೀಟರ್, ಶಿಮ್ಲಾಕ್ಕಿಂತ ಕಡಿಮೆ. ಆದರೂ ಕಣಿವೆಯ ತಲೆಯಲ್ಲಿರುವುದರಿಂದ ಹಿಮ ಹೆಚ್ಚು, ಜನವರಿಯ ರಾತ್ರಿ ಸೊನ್ನೆಗಿಂತ ಕೆಳಗೆ. 2020ರ ಅಕ್ಟೋಬರಿನಲ್ಲಿ 9.02 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಇಲ್ಲಿನ ದುಡಿಮೆಯ ಪಂಚಾಂಗವೇ ಬದಲಾಯಿತು. ಮೊದಲು ರೋಹ್ತಾಂಗ್ ಘಾಟಿ ಹಿಮದಲ್ಲಿ ಮುಚ್ಚಿದರೆ ಆಚೆಯ ಲಾಹೌಲ್ ಸೀಮೆ ತಿಂಗಳುಗಟ್ಟಲೆ ಬೇರೆ ಲೋಕ. ಈಗ ಸುರಂಗದ ಆಚೆ ಬಾಯಿಯಲ್ಲಿ ಹಿಮ ನೋಡಲು ಚಳಿಗಾಲದಲ್ಲೂ ಗಾಡಿಗಳ ಸಾಲು.

ಏಪ್ರಿಲ್‌ನಿಂದ ಜೂನ್ ದೊಡ್ಡ ಸೀಸನ್. ಡಿಸೆಂಬರ್ 20ರಿಂದ ಜನವರಿ ಮೊದಲ ವಾರದವರೆಗೆ ಎರಡನೆಯದು, ಹಿಮ ಇದ್ದರೆ ಫೆಬ್ರವರಿ–ಮಾರ್ಚ್‌ವರೆಗೆ ಎಳೆಯುತ್ತದೆ. ಜುಲೈ, ಆಗಸ್ಟ್ ಮಳೆಗಾಲ; ರಸ್ತೆ ಕುಸಿಯುತ್ತದೆ, ಕೋಣೆ ಖಾಲಿ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಹೆದ್ದಾರಿಯನ್ನೇ ಕೊಚ್ಚಿಕೊಂಡು ಹೋದಾಗ ಆ ವರ್ಷದ ಉಳಿದ ದುಡಿಮೆ ನೆಲಕಚ್ಚಿತು. ಹಾಗಾಗಿ ನದಿಗೆ ಅಂಟಿಕೊಂಡ ಹೋಟೆಲಿನ ಸಿಬ್ಬಂದಿ ಕೋಣೆ, ಅದರಲ್ಲೂ ನೆಲಮಾಳಿಗೆಯದು, ಎಷ್ಟೇ ಚೆನ್ನಾಗಿದ್ದರೂ ಬೇಡ.

ಇಲ್ಲಿ ಮೋಸ ಹೋಗುವುದು ಲೀಸಿನಿಂದ. ಎಷ್ಟೋ ಹೋಟೆಲುಗಳನ್ನು ಮಾಲೀಕರು ತಾವೇ ನಡೆಸುವುದಿಲ್ಲ, ವರ್ಷದ ಲೀಸಿಗೆ ಬೇರೆಯವರಿಗೆ ಬಿಡುತ್ತಾರೆ. ಸೀಸನ್ ಕೆಟ್ಟರೆ ಲೀಸಿನವನು ಕೈಚೆಲ್ಲಿ ಹೋಗುತ್ತಾನೆ, ಎರಡು ಮೂರು ತಿಂಗಳ ಸಂಬಳ ಅವನೊಂದಿಗೆ ಹೋಗುತ್ತದೆ. ಕೆಲಸಕ್ಕೆ ಒಪ್ಪುವ ಮುಂಚೆ ಹೋಟೆಲ್ ನಡೆಸುವುದು ಮಾಲೀಕರೋ ಲೀಸಿನವರೋ ಕೇಳಿ. ಲೀಸಿನದಾದರೆ ಸಂಬಳವನ್ನು ತಿಂಗಳು ತಿಂಗಳು ಖಾತೆಗೇ ಹಾಕಿಸಿಕೊಳ್ಳಿ. ಸೀಸನ್ ಕೊನೆಗೆ ಒಟ್ಟಿಗೆ ಕೊಡುತ್ತೇನೆ ಎನ್ನುವವರ ಕಡೆ ನಿಲ್ಲಲೇಬೇಡಿ. ಜುಲೈ–ಆಗಸ್ಟ್‌ನಲ್ಲಿ ಪೂರ್ತಿ ಸಂಬಳವೇ, ಅರ್ಧವೇ, ಮನೆಗೆ ಕಳಿಸುತ್ತೀರೋ ಎಂಬುದೂ ಮೊದಲೇ ಗೊತ್ತಾಗಲಿ. ಕಳಿಸುವವರಾದರೆ ಕಣಿವೆಯಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸೇಬು ಕೊಯ್ಲು ಇರುತ್ತದೆ. ಗ್ರೇಡಿಂಗ್, ಪೆಟ್ಟಿಗೆ ತುಂಬುವುದು, ಲೋಡಿಂಗ್ – ದಿನಗೂಲಿಗೆ ಆಳು ಬೇಕೇ ಬೇಕು.

ದೋಸೆ ಮಾಸ್ಟರಿಗೆ ಇಲ್ಲಿ ಒಳ್ಳೆಯ ಕಿಮ್ಮತ್ತಿದೆ. ದಕ್ಷಿಣದ ನಾಷ್ಟಾ ಬೇಡುವ ಪ್ರವಾಸಿಗರು ಎಲ್ಲ ಸೀಸನ್ನಿನಲ್ಲೂ ಬರುತ್ತಾರೆ. ಆದರೆ ನಮ್ಮ ಕಡೆ ಒಂದೇ ರಾತ್ರಿಯಲ್ಲಿ ಉಕ್ಕುವ ಹಿಟ್ಟು ಇಲ್ಲಿ ಜನವರಿಯಲ್ಲಿ ಮಾರನೇ ದಿನ ಸಂಜೆಗೂ ಹಾಗೇ ತಣ್ಣಗೆ ಕೂತಿರುತ್ತದೆ. ಹುಳಿ ಬರಿಸುವ ಜೀವಾಣುಗಳಿಗೆ 28–30 ಡಿಗ್ರಿ ಬೇಕು, ಅಡುಗೆಮನೆ ರಾತ್ರಿ 4–5 ಡಿಗ್ರಿಗೆ ಇಳಿದಿರುತ್ತದೆ. ಬೆಚ್ಚಗಿನ ನೀರು ಹಾಕಿ ರುಬ್ಬಿ, ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ, ತಂದೂರಿನ ಪಕ್ಕ ಅಥವಾ ಒಳಗೆ ಬಲ್ಬ್ ಉರಿಯುವ ಓವನ್ನಿನಲ್ಲಿ ಇಡಿ. ಹಿಂದಿನ ದಿನದ ಹುಳಿ ಹಿಟ್ಟು ಒಂದು ಸೌಟು ಬೆರೆಸಿದರೆ ಇನ್ನೂ ಬೇಗ. ಸೋಡಾ ಹಾಕಿ ಉಬ್ಬಿಸಿದರೆ ಆ ರುಚಿ ಬರುವುದಿಲ್ಲ. ಈ ಒಂದು ಕೈಚಳಕ ಗೊತ್ತಿದ್ದವರನ್ನು ಚಳಿಗಾಲದಲ್ಲಿ ಮನೆಗೆ ಕಳಿಸುವುದಿಲ್ಲ.

ಡ್ರೈವರುಗಳಿಗೆ ಎರಡು ಮಾತು. ಸ್ವಂತ ಟ್ಯಾಕ್ಸಿ ತಂದು ಓಡಿಸುವ ಯೋಚನೆ ಬಿಡಿ. ಬಾಡಿಗೆಗಳೆಲ್ಲ ಸ್ಥಳೀಯ ಟ್ಯಾಕ್ಸಿ ಯೂನಿಯನ್ನಿನವರ ಕೈಯಲ್ಲಿವೆ. ಹೋಟೆಲಿನ ಗಾಡಿ, ಟೆಂಪೊ ಟ್ರಾವೆಲರ್ ಓಡಿಸುವ ಸಂಬಳದ ಕೆಲಸ ಸಿಗುತ್ತದೆ. ಎರಡನೆಯದು, ಹಿಮದ ಮೇಲಿನ ಓಡಾಟ ಕಲಿಯದೆ ಡಿಸೆಂಬರಿನಲ್ಲಿ ಸ್ಟೇರಿಂಗ್ ಹಿಡಿಯಬೇಡಿ. ಹೊಸ ಮೆತ್ತನೆ ಹಿಮಕ್ಕಿಂತ, ಕರಗಿ ಮತ್ತೆ ಹೆಪ್ಪುಗಟ್ಟಿದ ಗಾಜಿನಂಥ ಪದರ ಅಪಾಯ. ನೆರಳಿನ ತಿರುವಿನಲ್ಲಿ ಸಂಜೆಯಿಂದ ಮರುದಿನ ಹತ್ತು ಗಂಟೆಯವರೆಗೆ ಇದ್ದೇ ಇರುತ್ತದೆ, ಡಾಂಬರಿನ ಬಣ್ಣದಲ್ಲೇ ಕಾಣುತ್ತದೆ. ಇಳಿಜಾರಿನಲ್ಲಿ ಒಂದನೇ ಅಥವಾ ಎರಡನೇ ಗೇರಿನಲ್ಲಿ ಬನ್ನಿ, ಬ್ರೇಕ್ ತುಳಿಯಬೇಡಿ. ಚೈನ್ ಕಟ್ಟುವುದು ಇಂಜಿನ್ ಎಳೆಯುವ ಚಕ್ರಕ್ಕೆ. ಮುಂದಿನ ಚಕ್ರ ಎಳೆಯುವ ಕಾರಿಗೆ ಹಿಂದೆ ಕಟ್ಟಿದರೆ ಪ್ರಯೋಜನವಿಲ್ಲ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಕೇಬಲ್ ಹೆಪ್ಪುಗಟ್ಟಿ ಬೆಳಗ್ಗೆ ಬಿಡುವುದಿಲ್ಲ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಸ್ಕೀಯಿಂಗ್ ಕಲಿತು ಅದನ್ನೇ ಕಸುಬು ಮಾಡಿಕೊಳ್ಳುವ ಆಸೆ ಇದ್ದವರಿಗೆ ಮನಾಲಿಯಲ್ಲೇ ಸರ್ಕಾರಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ, ಮೊದಲ ಹಂತದ ಕೋರ್ಸ್ ಸುಮಾರು ಎರಡು ವಾರದ್ದು. ಅದೊಂದರಿಂದಲೇ ಯಾರೂ ತರಬೇತುದಾರ ಆಗುವುದಿಲ್ಲ. ಮುಂದಿನ ಹಂತಗಳನ್ನು ಮುಗಿಸಲು ಎರಡು ಮೂರು ಚಳಿಗಾಲ ಬೇಕು, ಅಲ್ಲಿಯವರೆಗೆ ಹೊಟ್ಟೆಪಾಡಿಗೆ ಹೋಟೆಲ್ ಕೆಲಸ ಜೊತೆಗಿರಲಿ.

ಗುಲ್ಮಾರ್ಗ್: ಹಿಮವೇ ಬಂಡವಾಳ

ಇಲ್ಲಿ ಲೆಕ್ಕ ಉಲ್ಟಾ. ಹಿಮ ಬಿದ್ದರೆ ಕೆಲಸ, ಬೀಳದಿದ್ದರೆ ಇಲ್ಲ. ಕಾಶ್ಮೀರ ಕಣಿವೆಯ ಈ ಜಾಗದ ಎತ್ತರ 2,650 ಮೀಟರ್. ಗೊಂಡೋಲಾ ಎಂಬ ಕೇಬಲ್ ಕಾರು ಮೊದಲ ಹಂತದಲ್ಲಿ ಕೊಂಗ್‌ಡೂರಿಗೆ, ಎರಡನೆಯದರಲ್ಲಿ ಸುಮಾರು 3,950 ಮೀಟರಿನ ಅಫರ್ವಾಟ್‌ವರೆಗೆ ಒಯ್ಯುತ್ತದೆ. ದೇಶದಲ್ಲಿ ಸ್ಕೀಯಿಂಗಿಗೆ ಇದಕ್ಕಿಂತ ಒಳ್ಳೆಯ ಇಳಿಜಾರಿಲ್ಲ. 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಹಿಮದ ಮೇಲಿನ ಸ್ಪರ್ಧೆಗಳು ಇಲ್ಲೇ ನಡೆಯುತ್ತಿವೆ. ಆದರೆ 2024ರ ಜನವರಿಯಲ್ಲಿ ಬೆಟ್ಟ ಬೋಳಾಗಿ ನಿಂತಿತ್ತು, ಬುಕಿಂಗ್ ರದ್ದಾದವು. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಕಣಿವೆಯ ಹೋಟೆಲುಗಳೆಲ್ಲ ಖಾಲಿಯಾದವು. ಈ ಎರಡು ಅಪಾಯವನ್ನು ತಡೆದುಕೊಳ್ಳಲು ಆರು ತಿಂಗಳ ಖರ್ಚು ಕೈಯಲ್ಲಿ ಇಲ್ಲದವರು ಗುಲ್ಮಾರ್ಗ್ ನೆಚ್ಚಿಕೊಂಡು ಊರು ಬಿಡಬಾರದು.

ಗುಲ್ಮಾರ್ಗ್ ನಿಜವಾಗಿ ಊರೇ ಅಲ್ಲ, ಹೋಟೆಲುಗಳ ಬಯಲು. ಬಾಡಿಗೆ ಮನೆ ಬೇಕೆಂದರೆ 13 ಕಿಲೋಮೀಟರ್ ಕೆಳಗಿನ ತಂಗ್‌ಮಾರ್ಗ್‌ನಲ್ಲಿ ಹುಡುಕಬೇಕು. ಹಿಮ ಹೆಚ್ಚಾದ ದಿನ ಆ ದಾರಿಯೇ ಮುಚ್ಚುತ್ತದೆ. ಗೈಡ್, ಸ್ಲೆಡ್ಜ್, ಕುದುರೆ ಕೆಲಸ ಸ್ಥಳೀಯರ ಹಕ್ಕು, ಅದರ ಗೊಡವೆ ಬೇಡ. ಹೊರಗಿನವರಿಗೆ ಇರುವುದು ದೊಡ್ಡ ಹೋಟೆಲುಗಳ ಅಡುಗೆಮನೆ, ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್, ಬಾಯ್ಲರ್ ನೋಡಿಕೊಳ್ಳುವ ಕೆಲಸ. ಡಿಸೆಂಬರ್ 21ರಿಂದ ನಲವತ್ತು ದಿನದ ಚಿಲ್ಲೈ ಕಲಾನ್ ಕಳೆದರೆ ಚಳಿಗಾಲ ಗೆದ್ದಂತೆ ಎನ್ನುತ್ತಾರೆ ಅಲ್ಲಿಯವರು. ಆ ಹೊತ್ತಿನಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ, ಹೀಟರ್ ನಂಬಿ ಕೂರಲಾಗದು. ಫೆರನ್ ಎಂಬ ಉದ್ದನೆಯ ನಿಲುವಂಗಿಯ ಒಳಗೆ ಕಾಂಗ್ಡಿ, ಅಂದರೆ ಕೆಂಡದ ಪುಟ್ಟ ಮಡಿಕೆ, ಹಿಡಿದು ಓಡಾಡುವುದನ್ನು ಅವರಿಂದಲೇ ಕಲಿಯಬೇಕು.

ಗುಲ್ಮಾರ್ಗ್‌ಗೆ ಹೋಗುವುದು ಶ್ರೀನಗರದ ಮೇಲಿಂದ. 2025ರ ಜೂನ್‌ನಿಂದ ಜಮ್ಮು ಕಡೆಯ ಕಟ್ರಾದಿಂದ ಶ್ರೀನಗರಕ್ಕೆ ರೈಲು ಓಡುತ್ತಿದೆ. ದೆಹಲಿಯಿಂದ ಬಂದು ಕಟ್ರಾದಲ್ಲಿ ಬದಲಿಸಬೇಕು. ಹೆದ್ದಾರಿ ಮುಚ್ಚಿದರೂ ಊರಿಗೆ ಮರಳುವ ದಾರಿ ಉಳಿಯಿತು ಎಂಬುದು ದೊಡ್ಡ ಸಮಾಧಾನ.

ಲೇಹ್: ಐದು ತಿಂಗಳ ಊರು

ಎತ್ತರ 3,500 ಮೀಟರ್. ಜನವರಿಯ ರಾತ್ರಿ ಮೈನಸ್ 15 ಸಾಮಾನ್ಯ. ಆದರೂ ಇದು ಚಳಿಯ ಮರುಭೂಮಿ, ಊರೊಳಗೆ ಹಿಮ ಬೀಳುವುದು ಕಡಿಮೆ. ಹಿಮದ ಆಸೆಗೆ ಲೇಹ್ ಆರಿಸುವುದು ತಪ್ಪು ಲೆಕ್ಕ. ಹೋಟೆಲುಗಳು ಏಪ್ರಿಲ್ ಕೊನೆಗೆ ತೆರೆದು ಅಕ್ಟೋಬರಿನಲ್ಲಿ ಬಾಗಿಲು ಹಾಕುತ್ತವೆ. ನೆಲದೊಳಗಿನ ಪೈಪು ಹೆಪ್ಪುಗಟ್ಟುವುದರಿಂದ ತೆರೆದಿಡುವುದೇ ಕಷ್ಟ.

ಬರುವಾಗ ವಿಮಾನದಲ್ಲಿ ಬಂದರೆ ಮೊದಲ ಎರಡು ದಿನ ಪೂರ್ತಿ ಮಲಗಿರಬೇಕು. ಇಲ್ಲಿನ ಗಾಳಿಯಲ್ಲಿ ನಮಗೆ ದಕ್ಕುವ ಆಮ್ಲಜನಕ ಕೆಳಗಿನದಕ್ಕಿಂತ ಮೂರನೇ ಒಂದು ಭಾಗ ಕಡಿಮೆ. ತಲೆನೋವು, ವಾಕರಿಕೆ ಬಂದರೆ ವಿಶ್ರಾಂತಿ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ತೂರಾಡುವ ನಡಿಗೆ ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು, ಕೆಳಗೆ ಇಳಿಯಬೇಕು. ಮಾಲೀಕರು ಬಂದ ದಿನವೇ ಸಾಮಾನು ಹೊರಲು ಹೇಳಿದರೆ ಒಪ್ಪಬೇಡಿ. ರಕ್ತಹೀನತೆ, ಕುಡಗೋಲು ಕಣ ರೋಗ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಹೋಗಲೇಬಾರದು.

ಲೇಹ್‌ನಲ್ಲಿ ವರ್ಷಪೂರ್ತಿ ನಿಲ್ಲುವವರು ಯಾರು? ಕೇಂದ್ರ ನೌಕರಿಯ ವರ್ಗಾವಣೆಯವರು, ಮತ್ತೆ ಸುರಂಗ-ರಸ್ತೆ ಕಾಮಗಾರಿಯವರು. ಸೋನಾಮಾರ್ಗ್ ಆಚೆ ಝೋಜಿಲಾ ಸುರಂಗ ಕೊರೆಯುವುದು ವರ್ಷಗಳಿಂದ ನಡೆದಿದೆ. ಇಂಥ ಕಡೆ ಯಂತ್ರ ಆಪರೇಟರ್, ವೆಲ್ಡರ್, ಐಟಿಐ ಎಲೆಕ್ಟ್ರಿಷಿಯನ್ ಬೇಕಾಗುತ್ತಾರೆ, ಸುರಂಗದೊಳಗಿನ ಕೆಲಸಕ್ಕೆ ಚಳಿಗಾಲದ ತಡೆ ಕಡಿಮೆ. ಶಹಾಬಾದ್, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ, ಕಲ್ಲು ಗಣಿಯಲ್ಲಿ ಯಂತ್ರ ನಡೆಸಿದ ಅನುಭವಕ್ಕೆ ಇಲ್ಲಿ ತೂಕವಿದೆ. ಅನುಭವ ಪತ್ರ ಮರೆಯದೆ ಒಯ್ಯಿರಿ. ಚಳಿಗಾಲದಲ್ಲಿ ರಸ್ತೆಗಳು ಮುಚ್ಚಿದರೆ ಉಳಿಯುವುದು ವಿಮಾನ ಮಾತ್ರ, ಅದೂ ಹವೆ ಕೆಟ್ಟರೆ ಹಾರದು. ವಯಸ್ಸಾದ ತಂದೆ-ತಾಯಿ ಒಬ್ಬರೇ ಇರುವ ಮನೆಯವರು ಇದನ್ನು ಗಟ್ಟಿಯಾಗಿ ಯೋಚಿಸಬೇಕು.

ಇನ್ನೂ ಮೂರು ಕಡೆ

ಉತ್ತರಾಖಂಡದ ಜೋಶಿಮಠ–ಔಲಿ ಬಗ್ಗೆ ತುಂಬ ಜನ ಕೇಳುತ್ತಾರೆ. 2023ರ ಜನವರಿಯಲ್ಲಿ ನೆಲ ಕುಸಿದು ಜೋಶಿಮಠದ ನೂರಾರು ಮನೆಗಳು ಬಿರುಕು ಬಿಟ್ಟವು. ಸಂಸಾರ ಕಟ್ಟಿಕೊಂಡು ಅಲ್ಲಿ ನೆಲೆಸುವುದು ಈಗ ಬೇಡ. ಕೇದಾರನಾಥದ ಕೆಳಗಿನ ಊಖಿಮಠ ನಮ್ಮ ಭಾಗದ ವೀರಶೈವರಿಗೆ ಹತ್ತಿರದ ಹೆಸರು. ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠ ಅಲ್ಲಿದೆ, ಕೇದಾರನಾಥದ ಅರ್ಚಕರು ಹೆಚ್ಚಾಗಿ ಕರ್ನಾಟಕದ ಕಡೆಯಿಂದ ಹೋದವರು, ಕನ್ನಡ ಕಿವಿಗೆ ಬೀಳುತ್ತದೆ. ಆದರೆ ಲಾಡ್ಜು, ಊಟದ ಮನೆಗಳ ದುಡಿಮೆ ಯಾತ್ರೆ ನಡೆಯುವ ಆರು ತಿಂಗಳದ್ದು ಮಾತ್ರ. ಅರುಣಾಚಲದ ತವಾಂಗ್‌ಗೆ 2024ರ ಮಾರ್ಚ್‌ನಲ್ಲಿ ಸೇಲಾ ಸುರಂಗ ತೆರೆದು ದಾರಿ ಸುಧಾರಿಸಿದೆ. ಹೊರಗಿನವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು, ಕಲಬುರಗಿಯಿಂದ ದೂರವೂ ಬಹಳ; ವರ್ಗಾವಣೆ ಆದವರ ಹೊರತು ಬೇರೆಯವರಿಗೆ ನಾವು ಹೇಳುವುದಿಲ್ಲ.

ಹಾಗಾದರೆ ಯಾರು ಎಲ್ಲಿಗೆ?

ಮಕ್ಕಳ ಶಾಲೆ ಇರುವ ಸಂಸಾರಸ್ಥರು ಶಿಮ್ಲಾಕ್ಕೆ ಹೋಗಿ, ಎರಡನೇ ಮಾತಿಲ್ಲ. ನರ್ಸುಗಳಿಗೂ ಅದೇ. ಆದರೆ ಹೊರಡುವ ಮುಂಚೆ ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಿಂದ ಎನ್‌ಒಸಿ ಪಡೆದು ಹಿಮಾಚಲದ ಕೌನ್ಸಿಲ್‌ನಲ್ಲಿ ನೋಂದಣಿ ಬದಲಿಸಬೇಕು. ಇದು ವಾರಗಟ್ಟಲೆ ಹಿಡಿಯುವ ಕೆಲಸ, ಅಲ್ಲಿಗೆ ಹೋಗಿ ಶುರು ಮಾಡಿದರೆ ಸಂಬಳವಿಲ್ಲದೆ ಕೂರಬೇಕು. ಬಿ.ಎಡ್. ಆದವರು ಖಾಸಗಿ ವಸತಿ ಶಾಲೆಗಳಿಗೆ ಚಳಿಗಾಲದ ರಜೆಯ ಆಸುಪಾಸಿನಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಅರ್ಜಿ ಹಾಕಬೇಕು.

ಹೋಟೆಲ್ ಹುಡುಗರಿಗೆ ಮನಾಲಿ; ಒಂದು ಸೀಸನ್ ಕಲಿತ ಮೇಲೆ ಗುಲ್ಮಾರ್ಗ್‌ನ ದೊಡ್ಡ ಹೋಟೆಲಿಗೆ ಪ್ರಯತ್ನಿಸಿ. ಬೇಸಿಗೆ ಲೇಹ್, ಚಳಿಗಾಲ ಗುಲ್ಮಾರ್ಗ್ ಎಂದು ಎರಡನ್ನೂ ಜೋಡಿಸಿಕೊಳ್ಳುವವರಿದ್ದಾರೆ. ಸಂಬಳ ಚೆನ್ನಾಗಿ ಕೂಡುತ್ತದೆ, ಆದರೆ ನಡುವೆ ಅಕ್ಟೋಬರ್–ನವೆಂಬರ್ ಎರಡು ತಿಂಗಳು ಖಾಲಿ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರು ಮನಾಲಿಯಲ್ಲಿ ಇರಬಹುದು, ಬ್ರಾಡ್‌ಬ್ಯಾಂಡ್ ಜೊತೆಗೆ ನಾಲ್ಕು ಗಂಟೆ ತಡೆಯುವ ಇನ್ವರ್ಟರ್ ಇರುವ ಮನೆ ಸಿಕ್ಕರೆ ಮಾತ್ರ.

ಕೈಯಲ್ಲಿ ಎಷ್ಟಿರಬೇಕು? ಪ್ರಯಾಣದ ಹಣ, ಎರಡು ತಿಂಗಳ ಖರ್ಚು, ಅದರ ಮೇಲೆ ಬಟ್ಟೆಗೆಂದೇ ಒಬ್ಬರಿಗೆ 10–12 ಸಾವಿರ. ಬಟ್ಟೆಯನ್ನು ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕೊಳ್ಳಬೇಡಿ. ಇಲ್ಲಿ ಸಿಗುವ ಸ್ವೆಟರು ನಮ್ಮ ಡಿಸೆಂಬರಿಗೆ ಸಾಕು, ಅಲ್ಲಿನದಕ್ಕಲ್ಲ. ಒಳಗೆ ಥರ್ಮಲ್, ನಡುವೆ ಉಣ್ಣೆ, ಹೊರಗೆ ಗಾಳಿ ತಡೆಯುವ ಜಾಕೆಟ್ – ಈ ಮೂರು ಪದರವನ್ನು ದೆಹಲಿಯಲ್ಲಿ ಅಥವಾ ಅಲ್ಲಿಯೇ ಕೊಳ್ಳಿ. ಬೂಟು ಒಂದು ನಂಬರ್ ದೊಡ್ಡದಿರಲಿ. ಬಿಗಿ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತವೆ.

ಚಳಿಯಲ್ಲಿ ಜೀವ ತೆಗೆಯುವುದು, ಕೆಲಸ ಕೆಡಿಸುವುದು

ಹಿಮದೂರುಗಳಲ್ಲಿ ಹೊರಗಿನಿಂದ ಬಂದ ಕೆಲಸಗಾರರು ಸಾಯುವುದು ಹಿಮದಲ್ಲಷ್ಟೇ ಅಲ್ಲ, ಮುಚ್ಚಿದ ಕೋಣೆಯ ಕೆಂಡದಿಂದಲೂ. ಇದ್ದಿಲಿನ ಅಂಗೀಠಿ, ಕಾಂಗ್ಡಿ, ಹೊಗೆ ಕೊಳವೆ ಕಟ್ಟಿಕೊಂಡ ಬುಖಾರಿ ಒಲೆ, ಬಚ್ಚಲಿನ ಗ್ಯಾಸ್ ಗೀಸರ್ ಇವೆಲ್ಲ ಕಾರ್ಬನ್ ಮಾನಾಕ್ಸೈಡ್ ಬಿಡುತ್ತವೆ. ವಾಸನೆಯಿಲ್ಲ, ಹೊಗೆಯೂ ಕಾಣುವುದಿಲ್ಲ. ತಲೆ ಭಾರವಾಗಿ ನಿದ್ದೆ ಬರುತ್ತದೆ, ಎಚ್ಚರವಾಗುವುದಿಲ್ಲ. ಮಲಗುವ ಮುಂಚೆ ಕೆಂಡ ಹೊರಗಿಡಿ, ಕಿಟಕಿ ನಾಲ್ಕು ಬೆರಳು ತೆರೆದಿರಲಿ. ಎಷ್ಟು ಚಳಿಯಾದರೂ ಇದರಲ್ಲಿ ರಾಜಿ ಬೇಡ.

ಸಿಲಿಂಡರ್ ತುಂಬಿದ್ದರೂ ಬೆಳಗ್ಗೆ ಒಲೆ ಉರಿಯದಿದ್ದರೆ ಗಾಬರಿ ಬೇಡ. ಅಡುಗೆ ಅನಿಲದಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರನ್ನು ಮನೆಯೊಳಗೆ ಇಡಿ, ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ನಿಲ್ಲಿಸಿ. ಬೆಂಕಿ ಹಿಡಿದು ಬಿಸಿ ಮಾಡಬೇಡಿ. ನಲ್ಲಿಯನ್ನು ರಾತ್ರಿ ಸಣ್ಣಗೆ ಹನಿಯಲು ಬಿಡಿ, ಹರಿಯುವ ನೀರು ಬೇಗ ಗಟ್ಟಿಯಾಗುವುದಿಲ್ಲ. ಎರಡು ಕೊಡ ನೀರು ಒಳಗೆ ತುಂಬಿಟ್ಟಿರಲಿ.

ಊಟದ ಮಾತು. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಬೇಗ ಬೇಯದು. ಪ್ರೆಶರ್ ಕುಕ್ಕರ್ ಊರಿಂದಲೇ ಒಯ್ಯಿರಿ, ಇಲ್ಲಿಗಿಂತ ಮೂರು ನಾಲ್ಕು ಸೀಟಿ ಹೆಚ್ಚು ಕೂಗಿಸಿ. ಜೋಳದ ಹಿಟ್ಟು ಒಂದು ತಿಂಗಳಿಗಾಗುವಷ್ಟು ಸಾಕು, ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಬಡಿಯಲು ಬರುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ ಮಾತ್ರ ಆ ಒಣ ಚಳಿಯಲ್ಲಿ ಚೆನ್ನಾಗಿ ಬಾಳುತ್ತವೆ.

ಹೊರಡುವ ಮುಂಚಿನ ಕಾಗದ

ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಮಾಡಿಸದವರು ಊರಲ್ಲಿದ್ದಾಗಲೇ ಮಾಡಿಸಿಕೊಳ್ಳಿ. ಮುಂದೆ ಇಲ್ಲಿನ ನೌಕರಿಗೆ ಅರ್ಜಿ ಕರೆದಾಗ ಶಿಮ್ಲಾದಿಂದ ಓಡಿ ಬರುವುದು ತಪ್ಪುತ್ತದೆ. ಪೊಲೀಸ್ ಪರಿಶೀಲನಾ ಪತ್ರವನ್ನು ಸೇವಾ ಸಿಂಧು ಪೋರ್ಟಲಿನಲ್ಲಿ ತೆಗೆಸಿ; ಹಿಮಾಚಲದಲ್ಲಿ ಬಾಡಿಗೆದಾರರ ವಿವರವನ್ನು ಮನೆ ಮಾಲೀಕರು ಠಾಣೆಗೆ ಕೊಡಬೇಕಾಗುತ್ತದೆ. ಜಮ್ಮು-ಕಾಶ್ಮೀರ, ಲಡಾಖ್‌ನಲ್ಲಿ ಹೊರಗಿನ ಪ್ರಿಪೇಯ್ಡ್ ಸಿಮ್ ನಡೆಯುವುದಿಲ್ಲ. ಒಂದು ತಿಂಗಳು ಮುಂಚೆ ಪೋಸ್ಟ್‌ಪೇಯ್ಡ್‌ಗೆ ಬದಲಿಸಿ, ಇಲ್ಲದಿದ್ದರೆ ಒಟಿಪಿ ಬಾರದೆ ಬ್ಯಾಂಕಿನ ಕೆಲಸವೂ ನಿಲ್ಲುತ್ತದೆ. ರೇಷನ್ ಕಾರ್ಡಿಗೆ ಆಧಾರ್ ಜೋಡಣೆ ಆಗಿದ್ದರೆ ನಿಮ್ಮ ಪಾಲಿನ ಧಾನ್ಯ ಅಲ್ಲಿ, ಮನೆಯವರ ಪಾಲು ಇಲ್ಲಿ ಪಡೆಯಬಹುದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲಿನಲ್ಲಿ ಸಂಬಳ ಈಗಿನ ಮಿತಿಯಾದ 21,000ದ ಒಳಗಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಕೇಳಿ ಪಡೆಯಿರಿ. ನೀವು ಮನಾಲಿಯಲ್ಲಿದ್ದರೂ ಮನೆಯವರಿಗೆ ಕಲಬುರಗಿಯ ಇಎಸ್‌ಐಸಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುವಂತೆ ಹೆಸರು ಸೇರಿಸಬಹುದು.

ಕೆಲಸ ಕೊಡಿಸುತ್ತೇನೆಂದು ಮುಂಗಡ ಕೇಳುವ ಏಜೆಂಟರಿಗೆ ಒಂದು ರೂಪಾಯಿಯೂ ಕೊಡಬೇಡಿ, ಮೂಲ ಅಂಕಪಟ್ಟಿ ಯಾರ ಕೈಗೂ ಒಪ್ಪಿಸಬೇಡಿ. ಹೋಟೆಲುಗಳಿಗೆ ನೇರ ಫೋನ್ ಮಾಡಿ, ಮಧ್ಯಾಹ್ನ ಮೂರರಿಂದ ಐದರ ನಡುವೆ, ಅಡುಗೆಮನೆಗೆ ಬಿಡುವಿದ್ದಾಗ. ಲೇಹ್ ಮತ್ತು ಮನಾಲಿಯ ಬೇಸಿಗೆ ಕೆಲಸಕ್ಕೆ ಮಾರ್ಚ್‌ನಲ್ಲಿ ವಿಚಾರಿಸಿ, ಗುಲ್ಮಾರ್ಗ್ ಮತ್ತು ಮನಾಲಿಯ ಚಳಿಗಾಲಕ್ಕೆ ನವೆಂಬರ್ ಮೊದಲ ವಾರದೊಳಗೆ. ಮೊದಲ ಸಲ ಹೋಗುವವರು ಚಳಿಗಾಲದ ನಡುವೆ ಇಳಿಯುವುದಕ್ಕಿಂತ ಏಪ್ರಿಲ್‌ನಲ್ಲೇ ಹೋಗಿ ಸೇರಿ. ಅಕ್ಟೋಬರಿನ ಚಳಿ ಶುರುವಾಗುವ ಹೊತ್ತಿಗೆ ಮೈಯೂ ಒಗ್ಗಿರುತ್ತದೆ, ಬಿಸಿಲು ಬೀಳುವ ಮನೆ ಯಾವುದೆಂದೂ ಗೊತ್ತಾಗಿರುತ್ತದೆ.